ಯುದ್ಧ ಬೇಡವೆನ್ನುವ ಚಿಂತಕರ ಚಾವಡಿ: ಹತ್ತನೇ ತರಗತಿಯಲ್ಲಿ ಎರಡು ಅವಧಿಗಳ ಪಾಠ

ಪೀಠಿಕೆ

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಇಂಟರ್ನ್‌ಶಿಪ್‌ನ ಆರನೇ ವಾರದಲ್ಲಿ, ನಾನಿದ್ದ ಕರಾವಳಿಯ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರು ತರಬೇತಿಗೆ ಹೋದಾಗ ಅವರ ಎರಡು ಅವಧಿಗಳು ನನ್ನ ಪಾಲಿಗೆ ಬಂದವು. ಘಟಕ ವಿದೇಶಾಂಗ ನೀತಿಯದು. ಪಂಚಶೀಲ ಮತ್ತು ಅಲಿಪ್ತ ನೀತಿಯನ್ನು ಅವರು ಮುಗಿಸಿದ್ದರು. ಅಮೆರಿಕದೊಂದಿಗಿನ ಸಂಬಂಧದ ಭಾಗ ಉಳಿದಿತ್ತು.

ಪೂರ್ವಜ್ಞಾನ ತಿಳಿಯಲು ಮಕ್ಕಳಿಗೆ ಒಂದು ಚೀಟಿ ಕೊಟ್ಟು, ‘ಅಮೆರಿಕದ ವಿದೇಶಾಂಗ ನೀತಿ ಎಂದರೇನು? ಒಂದೇ ವಾಕ್ಯದಲ್ಲಿ ಬರೆಯಿರಿ’ ಎಂದೆ. ಹೆಚ್ಚಿನವರು ಬರೆದದ್ದು ಒಂದೇ ಅರ್ಥದ ಮಾತು: ಬೇರೆ ದೇಶಗಳ ಮೇಲೆ ಯುದ್ಧ ಮಾಡುವುದು. ಒಂದು ದೇಶಕ್ಕೆ ಒಂದೇ ಬಾಯಿ ಇರುತ್ತದೆ ಎಂಬ ಈ ಗ್ರಹಿಕೆಯನ್ನು ಸಡಿಲಿಸಬೇಕು ಎನ್ನಿಸಿತು. ಅದಕ್ಕಾಗಿ ಅಮೆರಿಕದ ರಾಜಧಾನಿಯಲ್ಲೇ ಕುಳಿತು ದಶಕಗಳಿಂದ ‘ಪರದೇಶಗಳ ಯುದ್ಧಕ್ಕೆ ಹೋಗಬೇಡಿ’ ಎನ್ನುತ್ತಿರುವ ಕೇಟೊ ಸಂಸ್ಥೆಯನ್ನು ಉದಾಹರಣೆಯಾಗಿ ಆರಿಸಿಕೊಂಡೆ. ಮೊದಲ ದಿನ ಆ ಪಾಠದಲ್ಲಿ ನಾನು ಮಾಡಿದ ತಪ್ಪು ಮತ್ತು ಎರಡನೇ ದಿನ ಅದನ್ನು ತಿದ್ದಿಕೊಂಡ ರೀತಿ ಈ ಲೇಖನದ ವಿಷಯ.

ಕಲಿಕಾ ಫಲಗಳು

1. ಚಿಂತಕರ ಚಾವಡಿ ಎಂದರೇನು, ಅದು ಸರ್ಕಾರಕ್ಕಿಂತ ಹೇಗೆ ಭಿನ್ನ ಎಂಬುದನ್ನು ವಿದ್ಯಾರ್ಥಿಗಳು ವಿವರಿಸುವರು.
2. ಹಸ್ತಕ್ಷೇಪರಹಿತ ನೀತಿಯ ಪರ ಮತ್ತು ವಿರೋಧದ ವಾದಗಳನ್ನು ಪಟ್ಟಿ ಮಾಡುವರು.
3. ಒಂದು ವಾದವನ್ನು ಒಂದಕ್ಕಿಂತ ಹೆಚ್ಚು ಘಟನೆಗಳ ಮೇಲಿಟ್ಟು ಪರೀಕ್ಷಿಸುವರು.

ಮೂರನೆಯ ಫಲ ನನ್ನ ಮೂಲ ಪಾಠ ಯೋಜನೆಯಲ್ಲಿ ಇರಲಿಲ್ಲ. ಅದು ಎರಡನೇ ದಿನ ಸೇರಿಕೊಂಡಿತು.

ವಿಷಯ ವಿಶ್ಲೇಷಣೆ

ಥಿಂಕ್ ಟ್ಯಾಂಕ್ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ಚಿಂತಕರ ಚಾವಡಿ’ ಎಂದು ಬರೆಯುತ್ತವೆ. ಇಲ್ಲೊಂದು ತೊಡಕಿದೆ. ವಿಧಾನ ಪರಿಷತ್ತನ್ನೂ ನಾವು ಚಿಂತಕರ ಚಾವಡಿ ಎನ್ನುತ್ತೇವೆ. ಹಾಗಾಗಿ ಮೊದಲ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ‘75 ಸದಸ್ಯರು’! ಚುನಾವಣೆಗೆ ನಿಲ್ಲದ, ಕಾನೂನು ಮಾಡುವ ಅಧಿಕಾರವಿಲ್ಲದ, ಆದರೆ ಅಧ್ಯಯನ ವರದಿ ಬರೆದು, ಸಂಸದರ ಮುಂದೆ ಸಾಕ್ಷ್ಯ ಹೇಳಿ, ಪತ್ರಿಕೆಗಳಲ್ಲಿ ವಾದಿಸಿ ಕಾನೂನು ಮಾಡುವವರ ಮನಸ್ಸನ್ನು ತಿರುಗಿಸಲು ಯತ್ನಿಸುವ ಸಂಸ್ಥೆ ಎಂದು ಬಿಡಿಸಿ ಹೇಳಬೇಕಾಯಿತು.

ಕೇಟೊ 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ ಆರಂಭಿಸಿತು. ಎಡ್ ಕ್ರೇನ್, ಉದ್ಯಮಿ ಚಾರ್ಲ್ಸ್ ಕೋಕ್ ಮತ್ತು ಅರ್ಥಶಾಸ್ತ್ರಜ್ಞ ಮರ್ರೆ ರಾತ್‌ಬಾರ್ಡ್ ಇದರ ಸ್ಥಾಪಕರು. 1981ರಲ್ಲಿ ಸಂಸ್ಥೆ ವಾಷಿಂಗ್ಟನ್‌ಗೆ ಬಂತು. 1720ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟ್ರೆಂಚರ್ಡ್ ಮತ್ತು ಥಾಮಸ್ ಗಾರ್ಡನ್ ‘ಕೇಟೊ’ ಎಂಬ ಗುಪ್ತನಾಮದಲ್ಲಿ ಅಧಿಕಾರದ ದುರ್ಬಳಕೆಯ ವಿರುದ್ಧ ಬರೆದ ಪತ್ರರೂಪದ ಪ್ರಬಂಧಗಳಿಂದ ಈ ಹೆಸರು ಬಂದಿದೆ. ಜೂಲಿಯಸ್ ಸೀಸರನನ್ನು ಎದುರಿಸಿದ ರೋಮಿನ ಕೇಟೊನ ಹೆಸರನ್ನು ಅವರು ಎರವಲು ಪಡೆದಿದ್ದರು.

ಸಂಸ್ಥೆಯ ತತ್ವಕ್ಕೆ ಲಿಬರ್ಟೇರಿಯನ್ ವಾದ ಎನ್ನುತ್ತಾರೆ. ವ್ಯಕ್ತಿಯ ಸ್ವಾತಂತ್ರ್ಯ ದೊಡ್ಡದು, ಸರ್ಕಾರ ಚಿಕ್ಕದಿರಬೇಕು, ಮಾರುಕಟ್ಟೆ ಮುಕ್ತವಾಗಿರಬೇಕು ಎಂಬುದು ಅದರ ತಿರುಳು. ಯುದ್ಧವಿರೋಧ ಎಂದರೆ ಎಡಪಂಥೀಯರದೇ ಎಂದುಕೊಂಡಿದ್ದ ನನಗೆ ಇದು ಹೊಸದು. ತೆರಿಗೆ ಇಳಿಸಿ, ಸರ್ಕಾರಿ ನಿಯಂತ್ರಣ ತೆಗೆಯಿರಿ ಎನ್ನುವವರೇ ಸೈನ್ಯವನ್ನು ಹೊರದೇಶಕ್ಕೆ ಕಳಿಸಬೇಡಿ ಎಂದೂ ಹೇಳುತ್ತಾರೆ. ಈ ಎರಡನ್ನು ಕೂಡಿಸುವ ಕೊಂಡಿ ಸಿಕ್ಕಿದರೆ ಉಳಿದದ್ದು ಸುಲಭ. ಆ ಕೊಂಡಿಯನ್ನು ಮೂರು ಅಂಶಗಳಲ್ಲಿ ಹೇಳಬಹುದು.

ಮೊದಲನೆಯದು, ಯುದ್ಧ ಸರ್ಕಾರವನ್ನು ದೊಡ್ಡದು ಮಾಡುತ್ತದೆ. ಯುದ್ಧಕ್ಕೆ ತೆರಿಗೆ ಬೇಕು, ಸಾಲ ಬೇಕು, ಕೆಲವೊಮ್ಮೆ ಕಡ್ಡಾಯ ಸೇನಾ ಭರ್ತಿ ಬೇಕು, ಪ್ರಜೆಗಳ ಮೇಲೆ ನಿಗಾ ಬೇಕು. ಯುದ್ಧ ಮುಗಿದರೂ ಈ ಅಧಿಕಾರಗಳು ಪೂರ್ತಿಯಾಗಿ ಹಿಂದಕ್ಕೆ ಹೋಗುವುದಿಲ್ಲ ಎಂಬುದು ಇವರ ದೂರು.

ಎರಡನೆಯದು ಜ್ಞಾನದ ಮಿತಿ. ದೆಹಲಿಯಲ್ಲೋ ವಾಷಿಂಗ್ಟನ್ನಿನಲ್ಲೋ ಕುಳಿತ ಅಧಿಕಾರಿಗೆ ಒಂದು ಊರಿನ ಮಾರುಕಟ್ಟೆಯನ್ನು ಯೋಜಿಸುವಷ್ಟು ಮಾಹಿತಿ ಇರುವುದಿಲ್ಲ ಎಂಬುದು ಅರ್ಥಶಾಸ್ತ್ರಜ್ಞ ಹಯೆಕ್ ಅವರಿಂದ ಬಂದ ವಾದ. ಸ್ವಂತ ದೇಶದ ಅರ್ಥವ್ಯವಸ್ಥೆಯನ್ನೇ ಯೋಜಿಸಲಾಗದವರು ಭಾಷೆ, ಧರ್ಮ, ಕುಲಗಳ ಪರಿಚಯವಿಲ್ಲದ ದೂರದ ದೇಶವನ್ನು ಹೊಸದಾಗಿ ಕಟ್ಟಬಲ್ಲರೇ ಎಂದು ಇವರು ಕೇಳುತ್ತಾರೆ.

ಮೂರನೆಯದು ಸಂವಿಧಾನ. ಅಮೆರಿಕದಲ್ಲಿ ಯುದ್ಧ ಘೋಷಿಸುವ ಅಧಿಕಾರ ಇರುವುದು ಕಾಂಗ್ರೆಸ್ಸಿಗೆ. (ಅದು ಅಲ್ಲಿನ ಸಂಸತ್ತಿನ ಹೆಸರು, ಪಕ್ಷದ ಹೆಸರಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಔಪಚಾರಿಕ ಯುದ್ಧ ಘೋಷಣೆ ಕೊನೆಯ ಬಾರಿ ಆದದ್ದು 1942ರಲ್ಲಿ. ಕೊರಿಯಾ, ವಿಯೆಟ್ನಾಂ, ಇರಾಕ್ ಯಾವುದಕ್ಕೂ ಅಂಥ ಘೋಷಣೆ ಇರಲಿಲ್ಲ. ಅಧ್ಯಕ್ಷರನ್ನು ಹಿಡಿದಿಡಲು 1973ರಲ್ಲಿ ಕಾಂಗ್ರೆಸ್ಸು, ಅಧ್ಯಕ್ಷ ನಿಕ್ಸನ್ ಅವರ ನಿರಾಕರಣೆಯನ್ನೂ ಮೀರಿ, ಒಂದು ಕಾನೂನು ಮಾಡಿತು. ಸೈನ್ಯ ಕಳಿಸಿದ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಕಾರ್ಯಾಚರಣೆ ನಿಲ್ಲಬೇಕು ಎಂಬುದು ಅದರ ಸಾರ.

ಈ ಮಾತುಗಳಿಗೆ ಅಮೆರಿಕದ ಇತಿಹಾಸದಲ್ಲೇ ಬೇರುಗಳಿವೆ. ಪರದೇಶಗಳೊಂದಿಗೆ ಶಾಶ್ವತ ಮೈತ್ರಿಕೂಟಗಳು ಬೇಡ ಎಂದು ಜಾರ್ಜ್ ವಾಷಿಂಗ್ಟನ್ 1796ರ ವಿದಾಯ ಪತ್ರದಲ್ಲಿ ಎಚ್ಚರಿಸಿದ್ದರು. ಸೇನೆ ಮತ್ತು ಶಸ್ತ್ರೋದ್ಯಮಗಳ ಕೂಟ ಅತಿ ಪ್ರಭಾವಿಯಾಗುವ ಅಪಾಯವನ್ನು ಸ್ವತಃ ಸೇನಾಪತಿಯಾಗಿದ್ದ ಅಧ್ಯಕ್ಷ ಐಸೆನ್‌ಹೋವರ್ 1961ರಲ್ಲಿ ಅಧಿಕಾರ ಬಿಡುವಾಗ ಹೇಳಿದ್ದರು.

ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಇದು ಬಾಗಿಲು ಹಾಕಿಕೊಂಡು ಕೂರುವ ನೀತಿಯಲ್ಲ. ಕೇಟೊ ಮುಕ್ತ ವ್ಯಾಪಾರವನ್ನು ಬೆಂಬಲಿಸುತ್ತದೆ, ವಲಸೆಗಾರರಿಗೆ ಬಾಗಿಲು ತೆರೆಯಿರಿ ಎನ್ನುತ್ತದೆ. ಸರಕು ಹೋಗಲಿ, ಜನ ಬರಲಿ, ಸೈನ್ಯ ಮಾತ್ರ ಮನೆಯಲ್ಲಿರಲಿ ಎಂಬುದು ಇವರ ನಿಲುವು. ಆತ್ಮರಕ್ಷಣೆಯ ಯುದ್ಧವನ್ನು ಇವರು ನಿರಾಕರಿಸುವುದಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ ಖೈದಾ ವಿರುದ್ಧ ಅಫ್ಘಾನಿಸ್ತಾನದಲ್ಲಿ ನಡೆದ ಆರಂಭದ ಕಾರ್ಯಾಚರಣೆಯನ್ನು ಕೇಟೊ ವಿದ್ವಾಂಸರು ಸಾಮಾನ್ಯವಾಗಿ ಬೆಂಬಲಿಸಿದರು. ಆ ದೇಶವನ್ನೇ ಕಟ್ಟಲು ಹೊರಟದ್ದನ್ನು ವಿರೋಧಿಸಿದರು. ನಮ್ಮ ಅಲಿಪ್ತ ನೀತಿಗೂ ಇದಕ್ಕೂ ಹೋಲಿಕೆ ಇದ್ದರೂ ಎರಡೂ ಒಂದೇ ಅಲ್ಲ. ಅಲಿಪ್ತತೆ ಎರಡು ಬಣಗಳ ನಡುವೆ ಹೊಸದಾಗಿ ಸ್ವತಂತ್ರವಾದ ದೇಶಗಳು ಕಂಡುಕೊಂಡ ದಾರಿ. ಇದು ಮಹಾಶಕ್ತಿಯೊಂದು ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳಬೇಕೆನ್ನುವ ವಾದ.

ಮೊದಲ ಅವಧಿ

ಐದು ಹಂತಗಳ ಮಾದರಿಯಲ್ಲಿ ಪಾಠ ಯೋಜಿಸಿದ್ದೆ. ತೊಡಗಿಸಿಕೊಳ್ಳುವ ಹಂತಕ್ಕೆ ಚೀಟಿಗಳು, ಪರಿಶೋಧನೆಗೆ ಭೂಪಟ, ವಿವರಣೆಗೆ ಮೇಲಿನ ಮೂರು ಅಂಶಗಳು. ವಿಸ್ತರಿಸುವ ಹಂತಕ್ಕೆ ಇರಾಕ್ ಯುದ್ಧದ ಉದಾಹರಣೆ ಇಟ್ಟುಕೊಂಡಿದ್ದೆ.

ಕಪ್ಪು ಹಲಗೆಯ ಮೇಲೆ ಕಾಲರೇಖೆ ಎಳೆದೆ. 2002ರ ಅಕ್ಟೋಬರ್: ಇರಾಕ್ ಮೇಲೆ ಬಲಪ್ರಯೋಗಕ್ಕೆ ಕಾಂಗ್ರೆಸ್ ಒಪ್ಪಿಗೆ; ಕೆಳಮನೆಯಲ್ಲಿ 296–133, ಮೇಲ್ಮನೆಯಲ್ಲಿ 77–23. 2002ರ ಡಿಸೆಂಬರ್: ಅಮೆರಿಕ ಇರಾಕ್ ಮೇಲೆ ಏಕೆ ದಾಳಿ ಮಾಡಬಾರದು ಎಂದು ಇವಾನ್ ಈಲ್ಯಾಂಡ್ ಮತ್ತು ಬರ್ನಾರ್ಡ್ ಗೌರ್ಲಿ ಬರೆದ ವರದಿಯನ್ನು ಕೇಟೊ ಪ್ರಕಟಿಸಿತು. 2003ರ ಮಾರ್ಚ್: ದಾಳಿ. 2004: ಸಾಮೂಹಿಕ ವಿನಾಶದ ಶಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಇರಲಿಲ್ಲವೆಂದು ಅಮೆರಿಕದ್ದೇ ತನಿಖಾ ತಂಡದ ವರದಿ. ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು 4,400ಕ್ಕೂ ಹೆಚ್ಚು. ಇರಾಕಿನ ನಾಗರಿಕರು ಲಕ್ಷಕ್ಕೂ ಹೆಚ್ಚು.

‘ನೋಡಿ, ಯುದ್ಧಕ್ಕೆ ಮೊದಲೇ ಇವರು ಬೇಡವೆಂದಿದ್ದರು. ಅವರ ಮಾತೇ ನಿಜವಾಯಿತು’ ಎಂದು ಹೇಳಿ ಸೀಮೆಸುಣ್ಣ ಇಟ್ಟೆ. ತರಗತಿ ಶಾಂತವಾಗಿತ್ತು. ಪಾಠ ಚೆನ್ನಾಗಿ ಹೋಯಿತೆಂದೇ ಭಾವಿಸಿದ್ದೆ.

ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ‘ಟೀಚರ್, ನನ್ನ ಅಜ್ಜ ಕುವೈಟ್‌ನಲ್ಲಿದ್ದರು. ಸದ್ದಾಮನ ಸೈನ್ಯ ಬಂದದ್ದು, ಅಂಗಡಿ ಬಿಟ್ಟು ಓಡಿ ಬಂದದ್ದು ಎಲ್ಲ ಈಗಲೂ ಹೇಳ್ತಾರೆ. ಆಗಲೂ ಇವರು ಯುದ್ಧ ಬೇಡ ಅಂತಲೇ ಹೇಳಿದ್ರಾ? ಯಾರೂ ಬರದಿದ್ರೆ ಕುವೈಟ್ ಎಂತ ಆಗ್ತಿತ್ತು?’

ನನಗೆ ಉತ್ತರ ಗೊತ್ತಿರಲಿಲ್ಲ. ‘ನಾಳೆ ಹೇಳುತ್ತೇನೆ’ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸಿದ ನಮ್ಮ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಎರಡೇ ಸಾಲು ಬರೆದಿದ್ದರು: ‘ಸಾಕ್ಷ್ಯ ಒಂದೇ ಕಡೆಯದು. ಪ್ರಯೋಗಾಲಯದಲ್ಲಿ ಹೀಗೆ ಮಾಡುತ್ತೀರಾ?’

ಆ ಸಂಜೆಯ ಓದು

ಆ ಪ್ರಶ್ನೆ ಚುಚ್ಚಿತು. ಪ್ರಯೋಗದಲ್ಲಿ ಐದು ಅಳತೆ ತೆಗೆದು, ನನ್ನ ಊಹೆಗೆ ಹೊಂದುವ ಒಂದನ್ನು ಮಾತ್ರ ದಾಖಲೆ ಪುಸ್ತಕದಲ್ಲಿ ಬರೆದರೆ ಅದು ಮೋಸ. ತರಗತಿಯಲ್ಲಿ ನಾನು ಮಾಡಿದ್ದು ಅದನ್ನೇ.

ಹುಡುಗಿಯ ಊಹೆ ಸರಿಯಾಗಿತ್ತು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತರಲಾಯಿತು. ನಮ್ಮ ಕರಾವಳಿಯವರೂ ಅದರಲ್ಲಿದ್ದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇರಾಕಿಗೆ 1991ರ ಜನವರಿ 15ರ ಗಡುವು ಕೊಟ್ಟಿತು. ಅಮೆರಿಕದ ಮೇಲ್ಮನೆ ಯುದ್ಧಕ್ಕೆ ಒಪ್ಪಿದ್ದು 52–47ರ ಅಂತರದಲ್ಲಿ. ಜನವರಿ 17ರಂದು ಶುರುವಾದ ಯುದ್ಧ ಫೆಬ್ರವರಿ 28ಕ್ಕೆ ನಿಂತಿತು. ಕುವೈತ್ ಸ್ವತಂತ್ರವಾಯಿತು.

ಆ ಯುದ್ಧವನ್ನೂ ಕೇಟೊ ವಿರೋಧಿಸಿತ್ತು. ತೈಲಕ್ಕಾಗಿ ಯುದ್ಧ ಬೇಕಿಲ್ಲ, ತೈಲ ಯಾರ ಕೈಯಲ್ಲಿದ್ದರೂ ಅವರು ಅದನ್ನು ಮಾರಲೇಬೇಕು ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಹೆಂಡರ್ಸನ್ ಕೇಟೊ ಪ್ರಕಟಿಸಿದ ಬರಹದಲ್ಲಿ ವಾದಿಸಿದರು. ಸದ್ದಾಂ ಬೆಲೆ ಏರಿಸಿದರೂ ಅಮೆರಿಕಕ್ಕಾಗುವ ನಷ್ಟ ಅದರ ರಾಷ್ಟ್ರೀಯ ಉತ್ಪನ್ನದ ಶೇ. 1ನ್ನೂ ಮುಟ್ಟುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಅದು ಅಮೆರಿಕದ ನಷ್ಟದ ಲೆಕ್ಕ. ಆ ಅಜ್ಜನ ಅಂಗಡಿ ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

ಹಾಗೆಂದು ಈ ವಾದ ಅಲ್ಲಿಗೇ ಸೋಲುವುದೂ ಇಲ್ಲ. 1991ರ ನಂತರ ಅಮೆರಿಕದ ಸೈನ್ಯ ಸೌದಿ ಅರೇಬಿಯಾದಲ್ಲಿ ಉಳಿಯಿತು, ಇರಾಕ್ ಮೇಲೆ ಆರ್ಥಿಕ ನಿರ್ಬಂಧ ಮುಂದುವರಿಯಿತು. ಸೌದಿಯಲ್ಲಿದ್ದ ಆ ಸೈನ್ಯವನ್ನೇ ಬಿನ್ ಲಾಡೆನ್ ತನ್ನ ಯುದ್ಧಕ್ಕೆ ಕಾರಣವಾಗಿ ತೋರಿಸಿದ. ಒಂದು ಹಸ್ತಕ್ಷೇಪ ಇನ್ನೊಂದನ್ನು ಹೆರುತ್ತದೆ, 1991ರ ಬಾಲವೇ 2003 ಎಂದು ಹಸ್ತಕ್ಷೇಪ ವಿರೋಧಿಗಳು ಹೇಳುತ್ತಾರೆ. ಅದು ಯುದ್ಧದ ತಪ್ಪಲ್ಲ, ಯುದ್ಧಾನಂತರದ ನಿರ್ವಹಣೆಯ ತಪ್ಪು, ಸಣ್ಣ ದೇಶವನ್ನು ನುಂಗುವವನನ್ನು ತಡೆಯದಿದ್ದರೆ ಮುಂದೆ ಯಾವ ಸಣ್ಣ ದೇಶ ಉಳಿದೀತು ಎಂದು ಎದುರಾಳಿಗಳು ಕೇಳುತ್ತಾರೆ.

ಹಣದ ಪ್ರಶ್ನೆಯನ್ನೂ ನೋಡಿದೆ. ಕೇಟೊ ಸರ್ಕಾರದ ಹಣ ತೆಗೆದುಕೊಳ್ಳುವುದಿಲ್ಲ, ದೇಣಿಗೆಯಿಂದ ನಡೆಯುತ್ತದೆ. 1991ರ ನಿಲುವಿನಿಂದ ಅದು ಕೆಲವು ದಾನಿಗಳನ್ನು ಕಳೆದುಕೊಂಡಿತು. 2012ರಲ್ಲಿ ಸಂಸ್ಥೆ ಯಾರ ಹಿಡಿತದಲ್ಲಿರಬೇಕೆಂದು ಕೋಕ್ ಸಹೋದರರು ನ್ಯಾಯಾಲಯಕ್ಕೆ ಹೋದರು; ಕೆಲವೇ ತಿಂಗಳಲ್ಲಿ ರಾಜಿಯಾಗಿ ಕ್ರೇನ್ ಅಧ್ಯಕ್ಷ ಸ್ಥಾನ ಬಿಟ್ಟರು. ಹಣ ಕೊಟ್ಟವರು ಯಾರು ಎಂದು ಕೇಳುವುದು ಅಗತ್ಯ. ಆದರೆ ಆ ಉತ್ತರದಿಂದಲೇ ವಾದ ಸರಿಯೋ ತಪ್ಪೋ ಎಂದು ತೀರ್ಮಾನವಾಗುವುದಿಲ್ಲ. ದಾನಿ ಮುನಿಸಿಕೊಂಡರೂ ಬದಲಾಗದ ನಿಲುವು ಪ್ರಾಮಾಣಿಕತೆಯ ಗುರುತಿರಬಹುದು. ಸತ್ಯದ ಗುರುತೇ ಆಗಬೇಕೆಂದಿಲ್ಲ.

ಎರಡನೇ ಅವಧಿ

‘ನಿನ್ನೆ ನಾನು ಹೇಳಿದ್ದು ಅರ್ಧ’ ಎಂದೇ ಪಾಠ ಶುರು ಮಾಡಿದೆ. ಹಲಗೆಯ ಮೇಲೆ ಒಂದು ಬಿಂದು ಇಟ್ಟು, ಇದರ ಮೂಲಕ ಎಷ್ಟು ಸರಳರೇಖೆ ಎಳೆಯಬಹುದು ಎಂದು ಕೇಳಿದೆ. ‘ಎಷ್ಟು ಬೇಕಾದರೂ’ ಎಂದರು. ಇರಾಕ್ 2003 ಎಂಬುದು ಅಂಥ ಒಂದೇ ಬಿಂದು, ನಾನು ಅದರ ಮೂಲಕ ನನಗಿಷ್ಟವಾದ ರೇಖೆ ಎಳೆದೆ ಎಂದು ಒಪ್ಪಿಕೊಂಡೆ.

ನಾಲ್ಕು ಗುಂಪುಗಳಿಗೆ ನಾಲ್ಕು ಘಟನೆಗಳ ಮಾಹಿತಿ ಹಾಳೆ ಕೊಟ್ಟೆ. ಕುವೈತ್ 1991 ಮತ್ತು ಇರಾಕ್ 2003ರ ಜೊತೆಗೆ ಇನ್ನೆರಡು. ರುವಾಂಡಾ 1994: ಸುಮಾರು ನೂರು ದಿನಗಳಲ್ಲಿ, ಒಂದು ಅಂದಾಜಿನಂತೆ 8 ಲಕ್ಷ ಜನರ ಹತ್ಯೆಯಾಯಿತು; ಮಹಾಶಕ್ತಿಗಳು ತಡೆಯಲು ಹೋಗಲಿಲ್ಲ, ಇದ್ದ ಶಾಂತಿಪಾಲನಾ ಪಡೆಯನ್ನೂ ಕಡಿತಗೊಳಿಸಲಾಯಿತು. ಲಿಬಿಯಾ 2011: ನಾಗರಿಕರ ರಕ್ಷಣೆಗೆಂದು ನ್ಯಾಟೋ ವಿಮಾನಗಳು ಬಾಂಬ್ ಹಾಕಿದವು, 60 ದಿನ ಕಳೆದರೂ ಅಧ್ಯಕ್ಷ ಒಬಾಮ ಕಾಂಗ್ರೆಸ್ಸಿನ ಒಪ್ಪಿಗೆ ಪಡೆಯಲಿಲ್ಲ, ಗದ್ದಾಫಿ ಆಡಳಿತ ಕುಸಿದ ಮೇಲೆ ದೇಶ ಅಂತರ್ಯುದ್ಧಕ್ಕೆ ಬಿತ್ತು.

ಪ್ರತಿ ಗುಂಪಿಗೂ ಅವೇ ನಾಲ್ಕು ಪ್ರಶ್ನೆಗಳು:

1. ಹೋದದ್ದರಿಂದ ಅಥವಾ ಹೋಗದಿದ್ದುದರಿಂದ ಏನಾಯಿತು?
2. ಅದರ ಬೆಲೆ ತೆತ್ತವರು ಯಾರು?
3. ‘ಹೋಗಬೇಡಿ’ ಎಂಬ ತತ್ವಕ್ಕೆ ಈ ಘಟನೆ ಬಲ ಕೊಡುತ್ತದೆಯೇ, ಪೆಟ್ಟು ಕೊಡುತ್ತದೆಯೇ?
4. ಬೇರೆ ಯಾವ ದಾರಿ ಇತ್ತು?

ರುವಾಂಡಾ ಗುಂಪು ‘ಹೋಗಬೇಕಿತ್ತು’ ಎಂದಿತು. ಲಿಬಿಯಾ ಗುಂಪು ‘ಹೋಗಬಾರದಿತ್ತು’ ಎಂದಿತು. ಅದರಲ್ಲೇ ಒಬ್ಬ, ‘ಹೋಗದಿದ್ರೂ ಜನ ಸಾಯ್ತಿದ್ರಲ್ಲ’ ಎಂದು ಒಪ್ಪದೆ ಉಳಿದ. ಅವನ ಭಿನ್ನಮತವನ್ನೂ ಹಲಗೆಯ ಮೇಲೆ ಬರೆದೆ. ಕುವೈತ್ ಗುಂಪಿನಲ್ಲಿದ್ದ ಆ ಹುಡುಗಿ ಮನೆಯಲ್ಲಿ ಅಜ್ಜನನ್ನು ಕೇಳಿಕೊಂಡು ಬಂದಿದ್ದಳು. ಅವರು ಹೇಳಿದ್ದಿಷ್ಟೇ: ‘ಯುದ್ಧ ಬೇಡ ಇತ್ತು ಅನ್ನಲಿಕ್ಕೆ ನನ್ನಿಂದ ಆಗುವುದಿಲ್ಲ. ಒಳ್ಳೆಯದಾಯ್ತು ಅನ್ನಲಿಕ್ಕೂ ಆಗುವುದಿಲ್ಲ. ನನ್ನ ಒಟ್ಟಿಗೆ ಕೆಲಸಕ್ಕಿದ್ದ ಇರಾಕಿನವ ಏನಾದ ಅಂತ ಇವತ್ತಿಗೂ ಗೊತ್ತಿಲ್ಲ.’

ಅವಧಿ ಮುಗಿಯುವ ಮೊದಲು ಕೊನೆಯ ಬೆಂಚಿನಿಂದ ಒಂದು ಪ್ರಶ್ನೆ ಬಂತು. ‘ಒಬ್ಬರ ಆಂತರಿಕ ವಿಷಯಕ್ಕೆ ಇನ್ನೊಬ್ಬರು ಕೈ ಹಾಕಬಾರದು ಅಂತ ಪಂಚಶೀಲದಲ್ಲಿ ಉಂಟಲ್ಲ ಟೀಚರ್, ಮತ್ತೆ 1971ರಲ್ಲಿ ನಾವು ಹೋದದ್ದು?’ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಬಂದದ್ದು, ಡಿಸೆಂಬರ್ 3ರಂದು ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದ್ದು ಇವೆರಡನ್ನು ಮಾತ್ರ ನೆನಪಿಸಿ, ಇದನ್ನು ಐದನೇ ಘಟನೆಯಾಗಿ ಮನೆಗೆಲಸಕ್ಕೆ ಕೊಟ್ಟೆ. ದೂರದ ಅಮೆರಿಕಕ್ಕೆ ಹಿಡಿದ ಅಳತೆಗೋಲನ್ನು ಮಕ್ಕಳು ತಾವಾಗಿಯೇ ನಮ್ಮ ಕಡೆಗೂ ತಿರುಗಿಸಿದ್ದರು.

ಮೌಲ್ಯಮಾಪನ

ಸರಿ–ತಪ್ಪು ಗುರುತಿಸುವ ಪ್ರಶ್ನೆಗಳನ್ನು ಕೈಬಿಟ್ಟು ಎರಡು ಪ್ರಶ್ನೆ ಕೊಟ್ಟೆ. ಒಂದು, ‘ಹಸ್ತಕ್ಷೇಪರಹಿತ ನೀತಿಯ ಅತ್ಯಂತ ಬಲವಾದ ವಾದವನ್ನೂ ಅದಕ್ಕೆ ಅತ್ಯಂತ ಕಠಿಣವಾದ ಆಕ್ಷೇಪವನ್ನೂ ಬರೆಯಿರಿ.’ ಎರಡು, ‘ನಿಮ್ಮ ಅಭಿಪ್ರಾಯ ಬರೆಯಿರಿ, ಏನು ಗೊತ್ತಾದರೆ ಆ ಅಭಿಪ್ರಾಯ ಬದಲಿಸುತ್ತೀರಿ ಎಂಬುದನ್ನೂ ಬರೆಯಿರಿ.’ ಮೊದಲನೆಯದನ್ನು ಹೆಚ್ಚಿನವರು ಬರೆದರು. ಎರಡನೆಯದರ ದ್ವಿತೀಯಾರ್ಧ ಅನೇಕರಿಗೆ ಕಷ್ಟವಾಯಿತು. ಕೆಲವರು ‘ಬದಲಿಸುವುದಿಲ್ಲ’ ಎಂದೇ ಬರೆದರು. ಅಂಕ ಕೊಟ್ಟದ್ದು ಅಭಿಪ್ರಾಯಕ್ಕಲ್ಲ, ಕೊಟ್ಟ ಕಾರಣಕ್ಕೆ.

ಮೊದಲ ದಿನದ ಪ್ರಶ್ನೆಯನ್ನೇ ಮತ್ತೆ ಚೀಟಿಯಲ್ಲಿ ಬರೆಸಿದೆ. ಈ ಬಾರಿ ಒಂದು ವಾಕ್ಯ ಸಾಕಾಗುವುದಿಲ್ಲ ಎಂದು ಇಬ್ಬರು ಹೆಚ್ಚುವರಿ ಹಾಳೆ ಕೇಳಿದರು.

ಹಿನ್ನೋಟ

ಅಭಿಪ್ರಾಯ ಹೇಳುವ ಸಂಸ್ಥೆಯೊಂದನ್ನು ತರಗತಿಗೆ ತರುವ ಸಹಪಾಠಿಗಳಿಗೆ ನನ್ನ ಅನುಭವದಿಂದ ಮೂರು ಸೂಚನೆಗಳು. ಸಂಸ್ಥೆಯ ವಾದವನ್ನು ಅದರ ಬೆಂಬಲಿಗರೇ ‘ಸರಿಯಾಗಿ ಹೇಳಿದಿರಿ’ ಎನ್ನುವಷ್ಟು ನ್ಯಾಯವಾಗಿ ಮಂಡಿಸಿ. ಅದು ಗೆದ್ದ ಒಂದು ಘಟನೆಯನ್ನು ತಂದರೆ, ಅದು ತಡವರಿಸುವ ಒಂದನ್ನೂ ಅದೇ ಅವಧಿಯಲ್ಲಿ ತನ್ನಿ. ಹಣದ ಮೂಲವನ್ನು ಕೇಳಿ, ಆದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಬೇಡಿ.

ಸ್ವಂತ ನಿಲುವು ಏನು ಎಂದು ಮಕ್ಕಳು ನನ್ನನ್ನೂ ಕೇಳಿದರು. ಯುದ್ಧಕ್ಕೆ ಹೋಗುವ ಮೊದಲು ಸಾಕ್ಷ್ಯ ಕೊಡಬೇಕಾದವರು ಹೋಗೋಣ ಎನ್ನುವವರೇ ಎಂಬುದು ನನಗೆ ಒಪ್ಪಿಗೆ. ಹೋಗಲೇಬಾರದು ಎಂಬುದಕ್ಕೆ ರುವಾಂಡಾದ ಹಾಳೆ ಕೈಯಲ್ಲಿರುವಾಗ ಒಪ್ಪಿಗೆ ಕೊಡಲಾರೆ ಎಂದೆ. ಇದು ನನ್ನ ಉತ್ತರ, ನಿಮ್ಮ ಉತ್ತರಪತ್ರಿಕೆಗೆ ಬೇಕಿಲ್ಲ ಎಂದೂ ಸೇರಿಸಿದೆ.

ಮುಂದಿನ ವಾರ ಅದೇ ತರಗತಿಗೆ ಓಮ್‌ನ ನಿಯಮದ ಪ್ರಯೋಗ ಮಾಡಿಸುತ್ತಿದ್ದೆ. ಒಂದು ಗುಂಪಿನ ನಾಲ್ಕು ಅಳತೆಗಳು ಸರಳರೇಖೆಯ ಮೇಲೆ ಕುಳಿತವು, ಐದನೆಯದು ಪಕ್ಕಕ್ಕೆ ಸರಿಯಿತು. ‘ಇದನ್ನು ಅಳಿಸುವುದಾ ಟೀಚರ್?’ ಎಂದು ಒಬ್ಬ ಕೇಳಿದ. ನಾನು ಉತ್ತರಿಸುವ ಮೊದಲೇ ಕುವೈತಿನ ಅಜ್ಜನ ಮೊಮ್ಮಗಳು ಹೇಳಿದಳು: ‘ಬೇಡ, ಬರೆದಿಡು. ಯಾಕೆ ಹಾಗಾಯ್ತು ಅಂತ ನೋಡುವ.’